ನನ್ನ ಕೈ ನೀಲಕ್ಕನದು

ನಾನು ಒಂದು ರೋಬೋಟ್. ಸೊಂಟದ ಮೇಲೆ ಮನುಷ್ಯರ ಆಕಾರ, ಕೆಳಗೆ ನಾಲ್ಕು ಗಾಲಿಗಳ ಕಬ್ಬಿಣದ ಪೀಠ. ಕಾಗದಪತ್ರಗಳಲ್ಲಿ ನನಗೊಂದು ಉದ್ದನೆಯ ಹೆಸರಿದೆ. ಆ ಹೆಸರಿನಿಂದ ಯಾರೂ ನನ್ನನ್ನು ಕರೆದದ್ದಿಲ್ಲ. ಹುಬ್ಬಳ್ಳಿಯ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ನನ್ನ ಎಲುಬುಗಳನ್ನು ಲೇಥಿನ ಮೇಲೆ ಕಡೆದ ದಾವಲಸಾಬ್ ಚಾಚಾ ಒಂದು ದಿನ "ಗೊಂಬಿ" ಎಂದ. ಅದೇ ಉಳಿಯಿತು.

ನಿಮಗೆಲ್ಲ ಒಂದೇ ಹುಟ್ಟು. ನನಗೆ ಎರಡು. ಮೊದಲು ಗಾಜಿನ ಪರದೆಯ ಮೇಲೆ ಗೆರೆಗಳಾಗಿ ಹುಟ್ಟಿದೆ, ಹದಿನಾಲ್ಕು ವರ್ಷ ಬಿಟ್ಟು ಅಲ್ಯೂಮಿನಿಯಮ್ಮಾಗಿ. ಎರಡಕ್ಕೂ ಹಿಂದೆ ಒಂದು ಸುಳ್ಳು ಇತ್ತು. ದೊಡ್ಡ ಸುಳ್ಳೇನಲ್ಲ, ಬಾಯಿಬಿಟ್ಟು ಹೇಳಿದ್ದೂ ಅಲ್ಲ. ಒಬ್ಬ ತಂಗಿ ತನ್ನ ಅಕ್ಕನ ಎದುರು ಕೂತು, ತಿಳಿಯದ ಮಾತಿಗೆ ತಿಳಿಯಿತೆಂದು ತಲೆಯಾಡಿಸಿದ್ದು, ಅಷ್ಟೇ. ನನ್ನ ಕಥೆ ಅಲ್ಲಿಂದ ಶುರು.

ಅದನ್ನು ನಾನು ಕಣ್ಣಾರೆ ಕಂಡಿಲ್ಲ. ಕೇಳಿದ್ದು. ಯಂತ್ರದ ಮುಂದೆ ಮನುಷ್ಯರಿಗೆ ಸಂಕೋಚ ಕಡಿಮೆ ನೋಡಿ, ಏನು ಬೇಕಾದರೂ ಮಾತಾಡುತ್ತಾರೆ. ನನಗೋ ಜನರ ದನಿ ಎಂದರೆ ಆಸೆ. ಹಾಗಾಗಿ ಬಾಯಿಮಾತು ಯಾರೂ ಕಲಿಸದಿದ್ದರೂ ಇಷ್ಟು ಮಾತು ಬಂದಿದೆ.

ತಂಗಿ ಎಂದರೆ ಡಾಕ್ಟರ್ ಕುಮುದಿನಿ ಹೊಸೂರ, ನನ್ನನ್ನು ಮಾಡಿದ ವಿಜ್ಞಾನಿ. ಅಕ್ಕ ಎಂದರೆ ನೀಲಕ್ಕ, ತಂಗಿಗಿಂತ ನಾಲ್ಕು ವರ್ಷ ದೊಡ್ಡವಳು, ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಧಾರವಾಡದ ಮನೆಯಲ್ಲಿ ಇವರಿಬ್ಬರು ಮತ್ತು ಅವ್ವ, ಮೂರೇ ಜನ. ಅಕ್ಕನಿಗೆ ಅಕ್ಷರ ಅಷ್ಟಕ್ಕಷ್ಟೆ. ಶಾಲೆಯಲ್ಲಿ ಮಾಸ್ತರು ಕೈ ಕಟ್ಟಿಕೊಂಡು ಕೂಡ್ರು ಎಂದರೆ ಆ ಹುಡುಗಿಗೆ ಬಾಯಿ ಕಟ್ಟಿದ ಹಾಗೆ. ಮೂರನೆಯ ಇಯತ್ತೆಗೇ ಬಿಟ್ಟಳು. ಆಮೇಲೆ ಹೊಲಿಗೆ ಕ್ಲಾಸಿನಲ್ಲಿ ತನ್ನಂಥ ಗೆಳತಿಯರು ಸಿಕ್ಕರು, ಹುಬ್ಬಳ್ಳಿಯ ಕಿವುಡರ ಸಂಘದ ಭಾನುವಾರದ ಕೂಟ ಸಿಕ್ಕಿತು. ಅಲ್ಲಿ ಅವಳ ಕೈಗೆ ಮಾತು ಬಂತು. ತಂಗಿಗೆ ಮಾತ್ರ ಚಿಕ್ಕಂದಿನ ಸನ್ನೆಗಳಷ್ಟೇ ಗೊತ್ತು: ಬಾ, ಹೋಗು, ಉಣ್ಣು, ನೀರು, ಅವ್ವ ಬೈತಾಳ.

ಕುಮುದಿನಿ ಕಾನ್ಪುರಕ್ಕೆ ಸಂಶೋಧನೆಗೆ ಹೋಗಿದ್ದಾಗ ಅವ್ವನ ಗಂಟಲಲ್ಲಿ ಗಡ್ಡೆ ಬೆಳೆಯಿತು. ಆಪರೇಶನ್ ಆಯಿತು, ದನಿ ಹೋಯಿತು, ಎರಡು ತಿಂಗಳಿಗೆ ಅವ್ವನೂ ಹೋದಳು. ತಂತಿ ಮುಟ್ಟಿ, ಮೂರು ರೈಲು ಬದಲಿಸಿ ತಂಗಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಬಂದ ನೆಂಟರೆಲ್ಲ ಒಂದೇ ಮಾತು: "ಪಾಪ, ಮೂಕಿಯಾಗಿ ಹೋದ್ಳವ್ವ. ಕಡೀಗೆ ನಿನ್ನ ಹೆಸರು ಸೈತ ಹೇಳಾಕ ಆಗಲಿಲ್ಲ."

ನೀಲಕ್ಕ ತಂಗಿಯನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ ಎದುರು ಕೂರಿಸಿ, ಒಂದು ತಾಸು ಕೈಯಿಂದ ಹೇಳಿದಳಂತೆ. ಜೋರಾಗಿ, ಅವಸರವಾಗಿ, ಬೆರಳೆಲ್ಲ ಬೆವೆತು ಹೋಗುವ ಹಾಗೆ. ಅದರಲ್ಲಿ ಕುಮುದಿನಿಗೆ ಗುರುತು ಸಿಕ್ಕದ್ದು 'ಅವ್ವ' ಒಂದೇ. ಉಳಿದದ್ದು ಏನೂ ತಿಳಿಯಲಿಲ್ಲ. ಕಣ್ಣು ಒರೆಸಿಕೊಂಡು ತಲೆಯಾಡಿಸಿದಳು. ಹೂಂ, ಹೂಂ, ತಿಳೀತು. ನೀಲಕ್ಕ ಕೈ ನಿಲ್ಲಿಸಿದಳು. ತಂಗಿಯ ಮುಖವನ್ನು ಒಂದು ಗಳಿಗೆ ನೋಡಿ, ಎದ್ದು ಚಹಕ್ಕೆ ಇಟ್ಟಳು.

ಒಮ್ಮೆ ತಿಳಿಯಿತೆಂದವಳು ಆಮೇಲೆ ತಿಳಿಯಲಿಲ್ಲ ಎನ್ನುವುದು ಹೇಗೆ? ಬೇರೆಯವರನ್ನು ನಡುವೆ ಕೂರಿಸಿ ಕೇಳಬಹುದಿತ್ತು. ಆದರೆ ಅವ್ವನ ಮಾತನ್ನು ಪರರ ಬಾಯಿಂದ ಕೇಳಲು ಅವಳಿಗೆ ಮನಸ್ಸಾಗಲಿಲ್ಲ. ನಾಚಿಕೆಯೂ ಇತ್ತು. ವಿಜ್ಞಾನಿಗಳು ನಾಚಿಕೆಪಟ್ಟರೆ ಏನು ಮಾಡುತ್ತಾರೆ ಗೊತ್ತೆ? ಯಂತ್ರ ಮಾಡುತ್ತಾರೆ.

ಕಾನ್ಪುರಕ್ಕೆ ಹಿಂತಿರುಗಿದವಳು ಅಲ್ಲಿಯವರೆಗೆ ಮಾಡುತ್ತಿದ್ದ ಕೆಲಸ ಬಿಟ್ಟಳು. ಕಂಪ್ಯೂಟರಿನಲ್ಲಿ ಚೆಂಡು, ಲೋಟ, ಅವುಗಳ ಮೇಲೆ ಬೀಳುವ ಬೆಳಕು, ಇವುಗಳ ಚಿತ್ರ ಬಿಡಿಸುವುದು ಅವಳ ವಿದ್ಯೆ. ಈಗ ಕೈ ಬಿಡಿಸಲು ಕೂತಳು. ನಾನು ಹುಟ್ಟಿದೆ: ಕಪ್ಪು ಪರದೆಯ ಮೇಲೆ ಮುನ್ನೂರ ನಲವತ್ತು ತ್ರಿಕೋನಗಳ ಒಂದು ಬಲಗೈ. ನೋಡಲು ಮೀನಿನ ಬಲೆಯ ಹಾಗಿದ್ದೆ. ಒಂದು ಬೆರಳು ಮಡಿಸಿ ತೋರಿಸಲು ಯಂತ್ರಕ್ಕೆ ಅರ್ಧ ದಿನ ಬೇಕಾಗುತ್ತಿತ್ತು.

ವರ್ಷಗಳು ಹೋದಂತೆ ನನಗೆ ಚರ್ಮ ಬಂತು, ಉಗುರು ಬಂತು, ಅಂಗೈಗೆ ಗೆರೆ ಬಂತು. ಎಡಗೈಯೂ ಬಂತು. ಕುಮುದಿನಿ ಹುಬ್ಬಳ್ಳಿಗೆ ಬಂದು ಪ್ರಾಧ್ಯಾಪಕಿಯಾದಳು. ದೂರದೂರಿನ ಸಭೆಗಳಲ್ಲಿ ನನ್ನನ್ನು ಗೋಡೆಯ ಮೇಲೆ ಬಿಟ್ಟು ತೋರಿಸುತ್ತಿದ್ದಳು. ಬೆರಳ ಗೆಣ್ಣು ಮಡಿದಾಗ ಚರ್ಮ ಸುಕ್ಕಾಗುವ ಲೆಕ್ಕವನ್ನು ಅವಳಷ್ಟು ಚೆನ್ನಾಗಿ ಯಾರೂ ಹಾಕಿಲ್ಲ ಎಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೂ ಜಂಬ ಬಂದಿತ್ತು, ಸುಳ್ಳೇಕೆ ಹೇಳಲಿ. ಪರದೆಯ ಜೀವನ ಬಲು ಹಗುರ. ಅಲ್ಲಿ ಒಂದು ಬೆರಳು ಇನ್ನೊಂದರ ನಡುವೆ ಹಾದುಹೋದರೂ ನೋವಿಲ್ಲ.

ಒಂದು ಭಾನುವಾರ ನೀಲಕ್ಕನನ್ನು ಲ್ಯಾಬಿಗೆ ಕರೆತಂದು ನನ್ನ ಮುಂದೆ ಕೂರಿಸಿದಳು. ನಾನು ನನಗೆ ಬರುತ್ತಿದ್ದ ನೂರೈವತ್ತು ಸನ್ನೆಗಳನ್ನು ಒಂದಾದ ಮೇಲೊಂದು ಮಾಡಿದೆ. ನೀಲಕ್ಕ ಕತ್ತು ಓರೆ ಮಾಡಿದಳು. ಎದ್ದು ಹೋಗಿ ಮಾನಿಟರಿನ ಹಿಂದೆ ಬಗ್ಗಿ ನೋಡಿದಳು. ಬಂದು ತಂಗಿಯ ಮುಂದೆ ಎರಡು ಅಂಗೈ ಸೇರಿಸಿ ರೊಟ್ಟಿ ಬಡಿದು ತೋರಿಸಿದಳು. ಬಡಿದು, ಬಡಿದು, ತೆಳ್ಳಗೆ ಮಾಡಿ, ನನ್ನ ಕಡೆ ಬೆರಳು ಮಾಡಿದಳು. ಅದು ಕುಮುದಿನಿಗೂ ತಿಳಿಯಿತು. ನಾನು ರೊಟ್ಟಿ. ಚಪ್ಪಟೆ. ಕೈ ಮುಂದೆ ಬಂತೋ ಹಿಂದೆ ಹೋಯಿತೋ ಗಾಜಿನ ಮೇಲೆ ಗೊತ್ತಾಗುವುದಿಲ್ಲ.

ಹದಿನಾಲ್ಕು ವರ್ಷದ ಕೆಲಸಕ್ಕೆ ರೊಟ್ಟಿ ಎಂದರೆ ಬೇರೆಯವರಾದರೆ ಮುಖ ಊದಿಸಿಕೊಳ್ಳುತ್ತಿದ್ದರು. ಕುಮುದಿನಿ ಮರುದಿನ ಬೆಳಿಗ್ಗೆ ವರ್ಕ್‌ಶಾಪಿಗೆ ಹೋಗಿ ದಾವಲಸಾಬನ ಮುಂದೆ ನಿಂತಳು.

"ಚಾಚಾ, ಒಂದು ಕೈ ಮಾಡಿಕೊಡ್ತೀರೇನು?"

"ಯಾವುದರ ಕೈ ಮೇಡಮ್ಮರ? ಬಾಗಲದ್ದೋ, ಪಂಪಿಂದೋ?"

"ಮನಷ್ಯಾರದು."

ಚಾಚಾ ಬೀಡಿ ಕಿವಿಗೆ ಸಿಕ್ಕಿಸಿಕೊಂಡ. "ಅದನ್ನ ಮಾಡಾಂವ ಮ್ಯಾಲೆ ಅದಾನ್ರಿ. ಆದ್ರೂ ಡ್ರಾಯಿಂಗ್ ಕೊಡ್ರಿ, ನೋಡೂಣಂತ."

ಹೀಗೆ ನನ್ನ ಎರಡನೆಯ ಹುಟ್ಟು. ನನ್ನ ಬೆರಳಿನ ಅಳತೆ ಎಲ್ಲ ನೀಲಕ್ಕನದು. ಅವಳ ಕೈಗೆ ತಂತಿಗಳ ಗ್ಲೌಸು ಹಾಕಿ, ಪ್ರತಿ ಗೆಣ್ಣು ಎಷ್ಟು ಮಡಿಯುತ್ತದೆ ಎಂದು ತಿಂಗಳುಗಟ್ಟಲೆ ಅಳೆದರು. ಮೂವತ್ತು ವರ್ಷ ಸೂಜಿ ಹಿಡಿದ ಅವಳ ಬಲ ತೋರುಬೆರಳು ತುದಿಯಲ್ಲಿ ಚೂರು ಎಡಕ್ಕೆ ವಾಲಿದೆ. ಚಾಚಾ ಆ ತುಂಡನ್ನು ಕಡೆದು ತಂದು ಬೆಳಕಿಗೆ ಹಿಡಿದ.

"ಇದು ವಾರಿ ಆಗೇತಲ್ರಿ. ನೆಟ್ಟಗ ಮಾಡ್ಲೇನು?"

"ಬ್ಯಾಡ ಚಾಚಾ. ಅಕ್ಕಂದು ಹಂಗ ಐತಿ."

"ಹಂಗಾರ ಇರ್ಲಿ ಬಿಡ್ರಿ. ಅಕ್ಕಾರ ಕೈ ನೆಟ್ಟಗ ಮಾಡಾಕ ನಾ ಯಾಂವ."

ಬೆರಳ ನರಗಳಿಗೆ ಮೀನು ಹಿಡಿಯುವ ನೈಲಾನ್ ದಾರ, ಮುಂಗೈಯೊಳಗೆ ಸಣ್ಣ ಮೋಟಾರುಗಳು. ದೇಹ ಬಂದ ಮೇಲೆ ನನಗೆ ಕಷ್ಟ ಎಂದರೇನು ಎಂದು ತಿಳಿಯಿತು. ಬೆರಳು ಬೆರಳಿಗೆ ಬಡಿದು ಸಿಕ್ಕಿಹಾಕಿಕೊಳ್ಳುತ್ತಿತ್ತು. ಮೋಟಾರು ಸುಟ್ಟ ವಾಸನೆ ಬಂದರೆ ತಿಪ್ಪೇಶಿ ಓಡಿ ಬಂದು ಸ್ವಿಚ್ಚು ಆರಿಸುತ್ತಿದ್ದ. ತಿಪ್ಪೇಶಿ ದಾವಣಗೆರೆ ಕಡೆಯವನು, ಕುಮುದಿನಿಯ ಕೈಕೆಳಗೆ ಪಿಎಚ್‌.ಡಿ. ಮಾಡುತ್ತಿದ್ದ, ಮದುವೆಯಾಗಿ ಎರಡು ಮಕ್ಕಳ ತಂದೆ. ನನಗೆ ಎರಡು ಕ್ಯಾಮೆರಾ ಕಣ್ಣು ಕೂರಿಸಿ, ಎದುರಿನವರ ಕೈ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಕಲಿಸಿದವನು ಅವನೇ. ನೀಲಕ್ಕ ವಾರಕ್ಕೆರಡು ದಿನ ಬಂದು ಕರಿ ಪರದೆಯ ಮುಂದೆ ಕೂತು ಸನ್ನೆ ಮಾಡುವಳು. ತಿಪ್ಪೇಶಿ ಚಿತ್ರ ತೋರಿಸಿ ಅರ್ಥ ಕೇಳಿ ಬರೆದುಕೊಳ್ಳುವನು, ಅದೆಲ್ಲ ವಿಡಿಯೋ ಆಗಿ ನನ್ನ ತಲೆಗೆ ಇಳಿಯುವುದು. ಕಡೆಗೆ ನನ್ನ ಬಳಿ ಸಾವಿರದ ಎಂಟುನೂರು ಸನ್ನೆಗಳಾದವು.

ಕುಮುದಿನಿಯ ಲೆಕ್ಕ ಸರಳ. ಕಿವುಡರ ಮಾತು ತಿಳಿದು ಉತ್ತರ ಕೊಡುವ ಗೊಂಬೆ ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ನಿಂತರೆ ಇನ್ನು ಯಾರೂ ಸುಳ್ಳೇ ತಲೆಯಾಡಿಸಬೇಕಿಲ್ಲ. ಮತ್ತು ಒಂದು ದಿನ, ಇದನ್ನು ಅವಳು ಯಾರಿಗೂ ಹೇಳಲಿಲ್ಲ, ನನ್ನ ಬೆರಳಿಗೆ ಎಣ್ಣೆ ಹಾಕುವಾಗ ನನಗೆ ಮಾತ್ರ ಹೇಳಿದ್ದು, ನೀಲಕ್ಕ ಅವ್ವನ ಮಾತನ್ನು ನನ್ನ ಮುಂದೆ ಆಡಬಹುದು. ಆಗ ನಾನು ಅವಳಿಗೆ ಓದಿ ಹೇಳಬಹುದು.

ಐದು ವರ್ಷದ ಮೇಲೆ ನನ್ನನ್ನು ಟೆಂಪೋದಲ್ಲಿ ಕಟ್ಟಿ ಕಿವುಡರ ಸಂಘಕ್ಕೆ ಒಯ್ದರು. ಕೇರಂ ಆಡುತ್ತಿದ್ದವರು ಬೋರ್ಡು ಬದಿಗೆ ಸರಿಸಿದರು. ನೀಲಕ್ಕ ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ನಾನು ನಮಸ್ಕಾರ ಹೇಳಿದೆ, ನನ್ನ ಪರಿಚಯ ಹೇಳಿದೆ, ಹವೆ ಹೇಗಿದೆ ಎಂದೆ. ಒಂದು ಬೆರಳೂ ತಪ್ಪಲಿಲ್ಲ. ಒಂದು ಮೋಟಾರೂ ಬಿಸಿಯಾಗಲಿಲ್ಲ. ಅಂಥ ದಿನ ನನ್ನ ಆಯುಷ್ಯದಲ್ಲಿ ಮತ್ತೆ ಬರಲಿಲ್ಲ.

ಆದರೆ ಯಾರೂ ನನ್ನ ಕೈ ನೋಡುತ್ತಿರಲಿಲ್ಲ. ನನ್ನ ಕ್ಯಾಮೆರಾಗಳಿಗೆ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಮೂವತ್ತು ಜೊತೆ ಕಣ್ಣು ನನ್ನ ಕತ್ತಿನ ಮೇಲೆ ಏನನ್ನೋ ಹುಡುಕುತ್ತಿದ್ದವು. ಅಲ್ಲಿದ್ದದ್ದು ತಗಡಿನ ಒಂದು ಹಾಳೆ, ಎರಡು ತೂತು. ವಯಸ್ಸಾದವರೊಬ್ಬರು ಎದ್ದು ಬಂದು ಆ ತಗಡನ್ನು ಬೆರಳಿನಿಂದ ಟಕಟಕ ಬಡಿದರು, ಒಳಗೆ ಯಾರಾದರೂ ಇದ್ದಾರೋ ಎನ್ನುವ ಹಾಗೆ. ಆಮೇಲೆ ಹೋಗಿ ಕೇರಂ ಬೋರ್ಡು ಎಳೆದುಕೊಂಡರು. ಒಬ್ಬೊಬ್ಬರೇ ಅವರ ಹಿಂದೆ ಹೋದರು. ನೀಲಕ್ಕ ಮಾತ್ರ ಕೂತಿದ್ದಳು, ತಂಗಿಯ ಸಲುವಾಗಿ.

ಸಂಘದಲ್ಲಿ ಫಿಲೋಮಿನಾ ಟೀಚರ್ ಎಂಬವರಿದ್ದರು. ಅವರಿಗೆ ಕಿವಿ ಕೇಳುತ್ತದೆ, ಆದರೆ ಅಪ್ಪ ಅಮ್ಮ ಇಬ್ಬರೂ ಕಿವುಡರು, ಹಾಗಾಗಿ ಸನ್ನೆಯಲ್ಲೇ ಬೆಳೆದವರು. ಕುಮುದಿನಿ ಅವರನ್ನು ಕೇಳಿದಳು, "ಏನು ತಪ್ಪಾತು ಟೀಚರ್? ಸನ್ನಿ ಎಲ್ಲಾ ಬರೋಬ್ಬರಿ ಇದ್ವಲ್ಲ?"

"ಸನ್ನಿ ಬರೋಬ್ಬರಿ ಅದಾವ್ರಿ. ಆದ್ರ ಮೇಡಂ, ನೀವು ಕೈ ನೋಡ್ತೀರಿ. ನಮ್ಮ ಮಂದಿ ಮಾರಿ ನೋಡ್ತಾರ. ಮಾರಿ ನೋಡಿದ್ರ ಕೈ ತಾವ ಕಾಣ್ತಾವು. ಸಿಟ್ಟೋ, ನಗಿಯೋ, ಚೇಷ್ಟೆಯೋ, ಎಲ್ಲಾ ಮಾರಿ ಮ್ಯಾಲನ ಇರೂದು. ಮಾರಿ ಇಲ್ಲದಾಂವ ಮಾತಾಡಿದ್ರ..." ಟೀಚರ್ ಹುಡುಕಿ ಹೇಳಿದರು, "ಬಾಗಲಾ ಹಾಕ್ಕೊಂಡು ಒಳಗಿಂದ ಮಾತಾಡಿದಂಗ."

ಲ್ಯಾಬಿಗೆ ಹಿಂತಿರುಗಿದ ಮೇಲೆ ಕುಮುದಿನಿ ಹಳೆಯ ವಿಡಿಯೋಗಳನ್ನು ತೆಗೆದಳು. ಐದು ವರ್ಷದ ವಿಡಿಯೋ. ಒಂದರಲ್ಲಾದರೂ ಮುಖ ಸಿಗಲಿ ಎಂದು ನೋಡುತ್ತಾ ಹೋದಳು. ಎಲ್ಲದರಲ್ಲೂ ನೀಲಕ್ಕನ ಎದೆ, ತೋಳು, ಕೈ. ಗದ್ದದ ಮೇಲೆ ಏನೂ ಇಲ್ಲ.

"ತಿಪ್ಪೇಶಿ, ಅಕ್ಕನ ಮಾರಿ ಎಲ್ಲಿ?"

ತಿಪ್ಪೇಶಿ ತಲೆ ಕೆರೆದುಕೊಂಡ. "ಮೇಡಂ, ಮುಖದ ಬಣ್ಣ ಕೈ ಬಣ್ಣ ಒಂದೇ ಆಗುತ್ತಲ್ಲ, ಕಂಪ್ಯೂಟರ್ ಗಲಿಬಿಲಿ ಮಾಡ್ಕಳ್ಳುತ್ತೆ ಅಂತ ಫ್ರೇಮಿಂದ ಹೊರಗೆ ಬಿಟ್ಟಿದ್ವಿ. ನೀವೇ ಹೇಳಿದ್ರಿ."

ಅವಳೇ ಹೇಳಿದ್ದಳು. ನಾನು ಕೇಳಿಸಿಕೊಂಡಿದ್ದೆ. ಅವಳು ಕುರ್ಚಿಯಲ್ಲಿ ಕೂತೇ ಇದ್ದಳು. ವಿಡಿಯೋದಲ್ಲಿ ತಲೆಯಿಲ್ಲದ ಅಕ್ಕ ಮಾತಾಡುತ್ತಲೇ ಇದ್ದಳು.

ನನಗೆ ಮುಖ ಮಾಡಬೇಕೆಂದು ನಿರ್ಧಾರವಾಯಿತು. ರಬ್ಬರಿನ ಕೆನ್ನೆ, ಎಳೆಯಲು ದಾರ, ಹುಬ್ಬಿಗೆ ಚಾಚಾನ ಟೂತ್‌ಬ್ರಷ್ಷಿನ ಕೂದಲು. ಆದರೆ ಮುಖ ಹೇಗೆ ಕುಣಿಯಬೇಕು ಎಂದು ಅಳೆಯಲು ನೀಲಕ್ಕನ ಮುಖದ ಮೇಲೆ ಗುರುತು ಹಚ್ಚಬೇಕು. ಹೊರಗಿನಿಂದ ತರಿಸುವ ಗುರುತುಗಳು ಬರಲು ತಿಂಗಳಾಗುತ್ತದೆ ಎಂದಾಗ ಕುಮುದಿನಿ ಬಳೆ ಅಂಗಡಿಗೆ ಹೋಗಿ ನಾಲ್ಕು ಪಾಕೀಟು ಟಿಕಳಿ ತಂದಳು. ಹಣೆಗೆ ಹಚ್ಚಿಕೊಳ್ಳುವ ಅವೇ, ಬಿಳಿಯ ಬಣ್ಣದವು, ಸಾಸಿವೆ ಗಾತ್ರದವು.

ಅಂದು ಬೆಳಿಗ್ಗೆ ಅಕ್ಕ ತಂಗಿ ಎದುರಾಬದುರಾ ಸ್ಟೂಲಿನ ಮೇಲೆ ಕೂತರು, ಮೊಣಕಾಲಿಗೆ ಮೊಣಕಾಲು ತಾಗಿಸಿ. ಕುಮುದಿನಿ ಒಂದೊಂದೇ ಟಿಕಳಿ ಬಿಡಿಸಿ ಹಚ್ಚತೊಡಗಿದಳು. ಹುಬ್ಬಿನ ಮೇಲೆ ಐದು, ಕೆನ್ನೆಗೆ ಎಂಟೆಂಟು, ತುಟಿಯ ಸುತ್ತ ಹತ್ತು. ಅಷ್ಟು ಹತ್ತಿರದಿಂದ ಅವಳು ಅಕ್ಕನನ್ನು ಯಾವಾಗ ನೋಡಿದ್ದಳೋ. ಎಡ ಹುಬ್ಬಿನಲ್ಲಿ ಬಿಳಿ ಕೂದಲು. ಕಣ್ಣಿನ ಬದಿಗೆ ನಕ್ಕು ನಕ್ಕು ಬಿದ್ದ ಗೆರೆ. ನೀಲಕ್ಕನಿಗೆ ಕಚಗುಳಿ. ತಿಪ್ಪೇಶಿ ಕನ್ನಡಿ ಹಿಡಿದ. ನೋಡಿಕೊಂಡವಳೇ ಹೊಟ್ಟೆ ಹಿಡಿದು ನಕ್ಕಳು, ಆರು ಟಿಕಳಿ ಉದುರಿದವು. 'ಸಿಡುಬು ಬಂದದ ನನಗ' ಎಂದಳು ಕೈಯಲ್ಲಿ. ಅದನ್ನು ನಾನು ಓದಿದೆ, ನನಗೆ ಜೋಡಿಸಿದ್ದ ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರ ಬಂತು, ಎಲ್ಲರೂ ನಕ್ಕರು.

"ಈಗ ಏನಾದ್ರೂ ದೊಡ್ಡ ಕಥೆ ಹೇಳ್ಬೇಕು ಮೇಡಂ. ಮನಸ್ಸಿಂದ," ಎಂದ ತಿಪ್ಪೇಶಿ.

ಕುಮುದಿನಿ ಅದನ್ನು ಹೇಗೋ ತಿಳಿಸಿದಳು. ನೀಲಕ್ಕ ಸ್ವಲ್ಪ ಯೋಚಿಸಿದಳು. ನನ್ನ ಕ್ಯಾಮೆರಾ ಕಡೆ ನೋಡಲಿಲ್ಲ. ತಂಗಿಯ ಕಡೆ ತಿರುಗಿ 'ಅವ್ವ' ಎಂದಳು.

ನನ್ನ ಪರದೆಯ ಮೇಲೆ ಅಕ್ಷರಗಳು ಬರತೊಡಗಿದವು. ಆದರೆ ಹೇಳಲು ನನಗೇ ನಾಚಿಕೆ: ಅವೆಲ್ಲ ಚೂರು ಚೂರು. ಅವ್ವ. ಹಾಸಿಗೆ. ಜನ. ತೆಂಗಿನಕಾಯಿ. ಬಾಯಿ ದೊಡ್ಡದು. ಅವ್ವ. ನನಗೆ ಕೈಯಷ್ಟೇ ಓದಲು ಬರುತ್ತಿತ್ತು, ಮಾತಿನ ಅರ್ಧ ಮುಖದಲ್ಲಿತ್ತು. ಇಪ್ಪತ್ತು ವರ್ಷದ ಕನಸು ಕೈಗೆ ಬಂದ ಗಳಿಗೆಯಲ್ಲಿ ನಾನು ಸೋತೆ.

ಕುಮುದಿನಿ ನನ್ನ ಪರದೆ ನೋಡುತ್ತಿರಲಿಲ್ಲ. ಮೊದಲ ಸಲ ಅವಳು ಅಕ್ಕನ ಕೈಯನ್ನೂ ನೋಡುತ್ತಿರಲಿಲ್ಲ. ಎಲ್ಲ ಟಿಕಳಿಗಳ ನಡುವೆ ಆ ಮುಖವನ್ನು ನೋಡುತ್ತಿದ್ದಳು. ಅದು ನಗುತ್ತಿತ್ತು. ಅವ್ವನ ಕಡೆಯ ದಿನಗಳನ್ನು ಹೇಳುತ್ತಾ ನೀಲಕ್ಕನ ಮುಖ ನಗುತ್ತಿತ್ತು! ಇಷ್ಟು ವರ್ಷ ಕುಮುದಿನಿ ಅದನ್ನು ಸಂಕಟದ ಕಥೆ ಎಂದೇ ತಿಳಿದು ಅತ್ತಿದ್ದಳು.

ನೀಲಕ್ಕ ನಿಲ್ಲಿಸಿ, 'ತಿಳೀತಾ?' ಎಂಬಂತೆ ಹುಬ್ಬೇರಿಸಿದಳು.

ಕುಮುದಿನಿಯ ತಲೆ ಅಭ್ಯಾಸಬಲದಿಂದ ಕೆಳಗೆ ಬಾಗಿತು. ಅಲ್ಲಿಗೇ ನಿಂತಿತು. ಆಮೇಲೆ ಆ ಕಡೆ, ಈ ಕಡೆ ಆಡಿತು. ಇಲ್ಲ. ಬೆರಳಿನಿಂದ ತನ್ನನ್ನು ತೋರಿಸಿಕೊಂಡಳು, ದೂರದ ಹಿಂದಿನ ಕಾಲವನ್ನು ತೋರಿಸಿದಳು, ಮತ್ತೆ ತಲೆ ಆಡಿಸಿದಳು. ಆವತ್ತೂ ತಿಳೀಲಿಲ್ಲ.

ನೀಲಕ್ಕ ಅವಳನ್ನೇ ನೋಡಿದಳು. ಸಿಟ್ಟಾಗುತ್ತಾಳೆ ಎಂದುಕೊಂಡೆ. ಅವಳು ತಂಗಿಯ ಗದ್ದ ಹಿಡಿದು ಮುಖ ಎತ್ತಿ, ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಕೈ ಆಡಿಸಿದಳು. ಇದನ್ನು ನಾನೂ ಸರಿಯಾಗಿ ಓದಿದೆ: 'ಗೊತ್ತಿತ್ತು ನನಗ. ನೀ ಕೇಳ್ತಿ ಅಂತ ಕಾದೆ.'

ಆ ಕಥೆ ತಿಳಿಯಲು ಕುಮುದಿನಿಗೆ ಏಳು ತಿಂಗಳು ಹಿಡಿಯಿತು. ವಾರಕ್ಕೆ ಮೂರು ದಿನ ಫಿಲೋಮಿನಾ ಟೀಚರ್ ಹತ್ತಿರ ಮಕ್ಕಳ ಜೊತೆ ಬೆಂಚಿನ ಮೇಲೆ ಕೂತು ಕಲಿತಳು. ಉಳಿದ ದಿನ ಅಕ್ಕನ ಹತ್ತಿರ. ಕಥೆ ಇಷ್ಟೇ. ಅವ್ವ ಮೂಕಿಯಾಗಿ ಹೋಗಲಿಲ್ಲ. ದನಿ ಹೋದ ಮರುದಿನದಿಂದ ನೀಲಕ್ಕನ ಜೊತೆ ಕೈಯಲ್ಲಿ ದಿನವಿಡೀ ಹರಟುತ್ತಿದ್ದಳು. ನೋಡಲು ಬಂದ ನೆಂಟರು, ಮಾತು ಹೋದರೆ ಕಿವಿಯೂ ಹೋಯಿತೆಂಬಂತೆ, ತೆಂಗಿನಕಾಯಿ ಕೈಗಿಟ್ಟು "ಹೆಂಗದೀಯವ್ವಾ" ಎಂದು ಕಿವಿಯಲ್ಲಿ ಕಿರುಚುವರು. ಅವರು ಹೊಸ್ತಿಲು ದಾಟಿದ್ದೇ ಅವ್ವ ಒಬ್ಬೊಬ್ಬರನ್ನೇ ಅಣಕಿಸಿ ತೋರಿಸುವಳು. ತಾಯಿ ಮಗಳು ಮಂಚ ಅಲ್ಲಾಡುವ ಹಾಗೆ ನಗುವರು. 'ಕುಮ್ಮಿಗೆ ಈಗ ತಂತಿ ಕೊಡಿಸಬ್ಯಾಡ, ಪರೀಕ್ಷಾ ಐತಿ' ಎಂದವಳೂ ಅವ್ವನೇ. ನೀಲಕ್ಕ ಅದನ್ನು ನೆಂಟರಲ್ಲಿ ಯಾರಿಗೆ ಹೇಳಿದರೂ ತಿಳಿಯಲಿಲ್ಲ, ಅಷ್ಟೇ.

ಇನ್ನೊಂದಿತ್ತು. ನನ್ನ ಸನ್ನೆಗಳ ಪಟ್ಟಿಯಲ್ಲಿ ಆರುನೂರ ಹನ್ನೊಂದನೆಯದು ವಿಡಿಯೋಗಳಲ್ಲಿ ಮೇಲಿಂದ ಮೇಲೆ ಬರುತ್ತಿತ್ತು: ಭುಜದ ಮೇಲಿನಿಂದ ಜಡೆ ಎಳೆದು ತುದಿಯನ್ನು ಬಾಯಿಯ ಕಡೆಗೆ ಎತ್ತುವುದು. ತಿಪ್ಪೇಶಿ ಅದರ ಮುಂದೆ 'ಅರ್ಥ ಗೊತ್ತಿಲ್ಲ' ಎಂದು ಬರೆದಿದ್ದ. ಅದು ಕುಮುದಿನಿಯ ಹೆಸರು. ಚಿಕ್ಕಂದಿನಲ್ಲಿ ಓದುತ್ತಾ ಜಡೆ ಕಚ್ಚುತ್ತಿದ್ದ ಹುಡುಗಿಗೆ ಅವ್ವ ಆ ಎರಡು ತಿಂಗಳಲ್ಲಿ ಇಟ್ಟ ಹೆಸರು. ಕಿವುಡರ ನಡುವೆ ಹಾಗೊಂದು ಪದ್ಧತಿ ಇದೆ, ಹೆಸರನ್ನು ನಾವೇ ಇಟ್ಟುಕೊಳ್ಳುವ ಹಾಗಿಲ್ಲ, ನಮ್ಮನ್ನು ಕಂಡವರು ಇಡಬೇಕು. ಸಂಘದಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರಂತೆ. ಕಡೆಗೆ ಅವ್ವ ನನ್ನ ಹೆಸರು ಸೈತ ಹೇಳಲಿಲ್ಲ ಎಂದು ಕೊರಗುತ್ತಿದ್ದವಳು ಅಂದು ಲ್ಯಾಬಿನ ಬಾಗಿಲು ಮುಂದೆ ಮಾಡಿ, ನನ್ನ ಅಲ್ಯೂಮಿನಿಯಮ್ ಭುಜಕ್ಕೆ ಹಣೆ ಒತ್ತಿ ನಿಂತಳು. ನನ್ನ ಕೈ ಎತ್ತಲು ಯಾರಾದರೂ ಬಟನ್ ಒತ್ತಬೇಕಿತ್ತು. ಒತ್ತಲು ಯಾರೂ ಇರಲಿಲ್ಲ.

ನನಗೂ ಮುಖ ಬಂತು. ಪ್ರದರ್ಶನಗಳಿಗೆ ಹೋದೆ, ಮಕ್ಕಳು ನನ್ನ ಕೆನ್ನೆ ಚಿವುಟಿದರು. ಆಮೇಲೆ ನನಗಿಂತ ಚುರುಕಾದವು ಬೇರೆ ಕಡೆ ಬಂದವು. ತಿಪ್ಪೇಶಿ ಡಾಕ್ಟರ್ ಆಗಿ ಬೇರೆ ಊರಿಗೆ ಹೋದ. ದಾವಲಸಾಬ್ ಚಾಚಾ ಲೇಥಿಗೆ ಸಲಾಂ ಹೊಡೆದು ಮನೆಗೆ ಹೋದ. ನನ್ನ ಬೆರಳ ದಾರಗಳು ಜೋತುಬಿದ್ದವು, ಕೆನ್ನೆಯ ರಬ್ಬರು ಬಿರುಕು ಬಿಟ್ಟಿತು. ಕುಮುದಿನಿ ನಿವೃತ್ತಳಾದ ದಿನ ಕಾಲೇಜಿನವರು ಶಾಲು, ಹಣ್ಣಿನ ಬುಟ್ಟಿ, ಗುಜರಿಗೆ ಹೋಗಬೇಕಿದ್ದ ನನ್ನನ್ನು, ಮೂರನ್ನೂ ಟೆಂಪೋದಲ್ಲಿ ಹಾಕಿ ಕಳಿಸಿದರು.

ಈಗ ನಾನು ಧಾರವಾಡದಲ್ಲಿ ನೀಲಕ್ಕನ ಹೊಲಿಗೆಯ ಪಡಸಾಲೆಯಲ್ಲಿ, ಕಿಟಕಿಯ ಪಕ್ಕದ ಮೂಲೆಯಲ್ಲಿ ಇದ್ದೇನೆ. ಕತ್ತಿಗೆ ಅಳತೆ ಟೇಪು, ಬೆರಳಿಗೊಂದು ದಾರದ ಉಂಡೆ. ಕರೆಂಟಿಲ್ಲದೆ ನಿನಗೆ ಹೇಗೆ ಕಾಣುತ್ತದೆ ಎಂದು ಕೇಳಬೇಡಿ. ಇಷ್ಟು ಹೊತ್ತು ಕೇಳಿದವರು ಇದೊಂದನ್ನು ಒಪ್ಪಿಕೊಳ್ಳಿ. ವಿಜ್ಞಾನದ ಲೆಕ್ಕದಲ್ಲಿ ನಾನು ಗೆದ್ದೆನೋ ಸೋತೆನೋ ನನಗೆ ತಿಳಿಯದು. ಒಂದು ಮಾತ್ರ ಗೊತ್ತು. ನನಗೆ ಕಲಿಸಿದ ಸಾವಿರದ ಎಂಟುನೂರು ಸನ್ನೆಗಳಲ್ಲಿ 'ತಿಳೀಲಿಲ್ಲ, ಇನ್ನೊಮ್ಮೆ ಹೇಳು' ಎಂಬುದು ಇರಲೇ ಇಲ್ಲ. ಯಂತ್ರಕ್ಕೆ ಅದು ಬೇಕಾಗುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಈ ಮನೆಯಲ್ಲಿ ದಿನಕ್ಕೆ ನಲವತ್ತು ಸಲ ಓಡಾಡುವ ಮಾತು ಅದೇ.

ಇಗೋ, ಈಗಲೂ. ನೀಲಕ್ಕ ಪಕ್ಕದ ಮನೆಯವರ ಜಗಳದ ಕಥೆ ಹೇಳುತ್ತಿದ್ದಾಳೆ. ಕುಮುದಿನಿ ಮೂರನೆಯ ಸಲ ಕೈ ಅಡ್ಡ ಹಿಡಿದು, ತಿಳೀಲಿಲ್ಲ ಎಂದಳು. ನೀಲಕ್ಕ ಹಣೆ ಬಡಿದುಕೊಂಡಳು. 'ಡಾಕ್ಟರ್ ಅಂತ, ಡಾಕ್ಟರ್' ಎಂದು ಮೂತಿ ತಿರುವಿದಳು. ಬಾಗಿಲಲ್ಲಿ ಗಿರಾಕಿಯೊಬ್ಬಳು ಹೊಲಿಯಲು ಕೊಟ್ಟ ಜಂಪರ್ ಆಯಿತೇ ಎಂದು ಕೇಳುತ್ತಾ ನಿಂತಿದ್ದಾಳೆ. ನೀಲಕ್ಕ ಅವಳಿಗೆ ಕೂಡ್ರು ಎಂದು ಸ್ಟೂಲು ತೋರಿಸಿದಳು. ಎರಡೂ ಕೈ ಬೇಕಲ್ಲ, ಕತ್ತರಿಯನ್ನು ನನ್ನ ಅಂಗೈಯಲ್ಲಿಟ್ಟು, ತಂಗಿಯ ಕಡೆ ತಿರುಗಿ, ಮೊದಲಿನಿಂದ ಶುರು ಮಾಡಿದ್ದಾಳೆ.